ಮೊಬೈಲಲ್ಲಿ ಸರಿ ಇದ್ದ ಎಕ್ಸೆಲ್ ಫೈಲು ಕಂಪ್ಯೂಟರಿಗೆ ಬಂದ್ಮೇಲೆ ಕೈ ಕೊಟ್ರೆ ಏನ್ ಮಾಡ್ಬೇಕು

ಪ್ರತಿ ತಿಂಗಳು ಹತ್ತನೇ ತಾರೀಖು ಸಂಜೆ ನನಗೆ ಬರೋ ಫೋನೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರ್ತಾವೆ. "ಸಾರ್ ಫೈಲ್ ಕಳ್ಸಿದೀನಿ, ಓಪನ್ ಆಗ್ತಿಲ್ವಂತಲ್ಲ", "ಮೊಬೈಲಲ್ಲಿ ಸರಿ ಐತೆ ಸಾರ್, ಕಂಪ್ಯೂಟರಲ್ಲಿ ನೋಡಿದ್ರೆ ಬೇರೇನೇ ಬರ್ತೈತೆ". ಹನ್ನೊಂದಕ್ಕೆ ಜಿಎಸ್‌ಟಿಆರ್-1 (ಹಿಂದಿನ ತಿಂಗಳ ಮಾರಾಟದ ಲೆಕ್ಕ ಕೊಡೋ ಜಿಎಸ್‌ಟಿ ರಿಟರ್ನ್) ಕೊನೇ ದಿನ, ಅದಕ್ಕೇ ಈ ಗಡಿಬಿಡಿ. ದಾವಣಗೆರೆಲಿ ನಾನು ಲೆಕ್ಕ ಬರೆಯೋ ಕೆಲಸ ಮಾಡೋದು, ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿ, ಮಂಡಕ್ಕಿ ಭಟ್ಟಿ, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರದೋರು, ಎಲ್ಲರೂ ಈಗ ಮೊಬೈಲಲ್ಲೇ ಶೀಟ್ ತುಂಬಿ ಕಳಿಸ್ತಾರೆ, ನಾನು ಕಂಪ್ಯೂಟರಲ್ಲಿ ತೆಗೀತೀನಿ, ಮಧ್ಯದಲ್ಲಿ ಎಲ್ಲೋ ಒಂದು ಕಡೆ ಕೆಡುತ್ತೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಒಂದೇ ಸಲ ಬರೆದು ಹಾಕ್ತಾ ಇದೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಓಪನ್ ಆಗದ ಫೈಲಿಗೆ ನಾನು ಹೆದರಲ್ಲ, ಅದು ಕೆಟ್ಟಿದೆ ಅಂತ ಇಬ್ಬರಿಗೂ ಗೊತ್ತು, ಇನ್ನೊಂದ್ಸಲ ತರಿಸ್ಕಂಡ್ರಾಯ್ತು. ನೀಟಾಗಿ ಓಪನ್ ಆಗಿ ಒಳಗೆ ಎರಡು ನಂಬರ್ ಬದಲಾಗಿರುತ್ತಲ್ಲ, ಅಂಥ ಫೈಲ್ ಮನೆಹಾಳು. ಅದಕ್ಕೇ ಕೆಳಗೆ ಐದು ಮತ್ತು ಆರನೇ ಹಂತ ಉದ್ದ ಆಗಿದಾವೆ, ಅವನ್ನ ಮಾತ್ರ ಹಾರಿಸಬ್ಯಾಡ್ರಿ.

ಬೇಕಾಗೋದು ಜಾಸ್ತಿ ಏನಿಲ್ಲ. ಡೇಟಾ ಹೋಗೋ ಯುಎಸ್‌ಬಿ ಕೇಬಲ್ ಒಂದು, ಫೋನಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಆ್ಯಪ್, ಕಂಪ್ಯೂಟರಲ್ಲಿ ಎಕ್ಸೆಲ್ (ಲಿಬ್ರೆ ಆಫೀಸ್ ಇದ್ರೂ ನಡೆಯುತ್ತೆ). ಇನ್ನೊಂದು, ಕಂಪ್ಯೂಟರಲ್ಲಿ ಫೈಲ್ ಹೆಸರಿನ ಬಾಲ ಕಾಣೋ ಹಾಗೆ ಮಾಡ್ಕಳ್ರಿ. ಬಾಲ ಅಂದ್ರೆ ಎಕ್ಸ್‌ಟೆನ್ಶನ್, ಹೆಸರಾದ್ಮೇಲೆ ಚುಕ್ಕಿ ಹಾಕಿ ಬರುತ್ತಲ್ಲ ಎಕ್ಸ್‌ಎಲ್‌ಎಸ್‌ಎಕ್ಸ್, ಸಿಎಸ್‌ವಿ ಅಂತ, ಅದು. ವಿಂಡೋಸ್ ಅದನ್ನ ಬಚ್ಚಿಟ್ಟಿರುತ್ತೆ. ವಿಂಡೋಸ್ 11 ರಲ್ಲಿ ಫೋಲ್ಡರ್ ತೆಗೆದು ಮೇಲೆ 'ವ್ಯೂ', ಆಮೇಲೆ 'ಶೋ', ಅದರಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಒತ್ತಿ. ವಿಂಡೋಸ್ 10 ರಲ್ಲಿ 'ವ್ಯೂ' ಟ್ಯಾಬಿನಲ್ಲೇ ಟಿಕ್ ಹಾಕೋ ಡಬ್ಬಿ ಐತೆ. ಇದರಿಂದ ಇನ್ನೊಂದು ಉಪಯೋಗ, ಬಿಲ್ ಅಂತ ಹೆಸರಿಟ್ಕಂಡು ಬಾಲದಲ್ಲಿ ಎಪಿಕೆ ಅಥವಾ ಇಎಕ್ಸ್‌ಇ (ಇವು ಪ್ರೋಗ್ರಾಂ ಫೈಲಿನ ಬಾಲ) ಅಂತ ಇದ್ರೆ ಅದು ಬಿಲ್ ಅಲ್ಲ ಅಂತ ಕಣ್ಣಿಗೇ ಕಾಣುತ್ತೆ, ಮುಟ್ಟೋಕೆ ಹೋಗಬ್ಯಾಡ್ರಿ.

ಹಂತ 1: ಎಲ್ಲಿ ಕೆಟ್ಟಿದೆ ಅಂತ ಗೊತ್ತು ಮಾಡ್ಕಳ್ರಿ

ಮೂರೇ ಪ್ರಶ್ನೆ. ಫೈಲ್ ಬಂತಾ? ಬಂದಿದ್ದು ತೆರೀತಾ? ತೆರೆದಿದ್ದು ಸರಿ ಐತಾ? ಬಂದೇ ಇಲ್ಲ ಅಂದ್ರೆ ಕೇಬಲ್, ವಾಟ್ಸಾಪ್ ಕಡೆ ನೋಡ್ಬೇಕು, ಅದು ಹಂತ 2 ಮತ್ತು 3. ಬಂತು ಆದ್ರೆ ತೆರೀತಿಲ್ಲ ಅಂದ್ರೆ ಹಂತ 4. ತೆರೀತು ಆದ್ರೆ ಒಳಗಿಂದು ಬೇರೆ ಅಂದ್ರೆ ಅಲ್ಲಿಂದ ಮುಂದಿನವು. ತುಂಬಾ ಜನ ನಂಬರ್ ತಪ್ಪು ಬಂದ್ರೂ ಹೊಸ ಕೇಬಲ್ ತಗೋಳಕ್ಕೆ ಹೋಗ್ತಾರೆ. ಕೇಬಲ್ಲಿಗೆ ನಿಮ್ಮ ಅಡಿಕೆ ರೇಟ್ ಗೊತ್ತಿರಲ್ಲ, ಅದು ಫೈಲನ್ನ ಇಡಿಯಾಗಿ ಸಾಗಿಸುತ್ತೆ ಇಲ್ಲ ಅರ್ಧದಲ್ಲಿ ಬಿಡುತ್ತೆ ಅಷ್ಟೇ, ಒಳಗೆ ಕೂತು ನಂಬರ್ ತಿದ್ದಲ್ಲ. ತಿದ್ದೋದು ಯಾವಾಗ್ಲೂ ಫೈಲ್ ತೆಗೆಯೋ ಆ್ಯಪ್ಪು, ಇಲ್ಲ ನಾವೇ.

ಹಂತ 2: ಕೇಬಲ್ಲಿಂದ ಕಾಪಿ ಮಾಡೋವಾಗ

ಫೋನ್ ಚುಚ್ಚಿದ್ರೆ ಚಾರ್ಜ್ ಆಗುತ್ತೆ ಆದ್ರೆ ಕಂಪ್ಯೂಟರಲ್ಲಿ ಕಾಣಲ್ಲ ಅನ್ನೋದು ಎಲ್ಲಕ್ಕಿಂತ ಸಾಮಾನ್ಯ ದೂರು. ಮೊದಲು ಫೋನ್ ಅನ್‌ಲಾಕ್ ಮಾಡಿ. ಆಮೇಲೆ ಮೇಲಿಂದ ಪರದೆ ಎಳೆದ್ರೆ 'ಚಾರ್ಜಿಂಗ್ ದಿಸ್ ಡಿವೈಸ್ ವಯಾ ಯುಎಸ್‌ಬಿ' ಅಂತ ಏನೋ ಒಂದು ಬಂದಿರುತ್ತೆ, ಅದನ್ನ ಒತ್ತಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಆಂಡ್ರಾಯ್ಡ್ ತಾನಾಗೇ ಚಾರ್ಜ್ ಮಾತ್ರ ಮಾಡುತ್ತೆ, ಫೈಲ್ ತೋರಿಸ್ಬೇಕಂದ್ರೆ ನೀವೇ ಹೇಳ್ಬೇಕು. ಅಲ್ಲಿ ಏನೂ ಬರ್ಲೇ ಇಲ್ಲ ಅಂದ್ರೆ ಕೇಬಲ್ ಅನುಮಾನ ಪಡ್ರಿ. ಮಾಮೂಲಿ ಯುಎಸ್‌ಬಿ ಕೇಬಲಲ್ಲಿ ನಾಲ್ಕು ತಂತಿ ಇರ್ತಾವೆ, ಎರಡು ಕರೆಂಟಿಗೆ ಎರಡು ಡೇಟಾಗೆ. ಕಮ್ಮಿ ರೇಟಿನ ಕೆಲವು ಕೇಬಲಲ್ಲಿ ಡೇಟಾ ತಂತಿನೇ ಹಾಕಿರಲ್ಲ.

ಇಲ್ಲಿ ಜನ ಬೀಳೋ ದೊಡ್ಡ ಗುಂಡಿ ಇನ್ನೊಂದೈತೆ. ಫೋನ್ ಕನೆಕ್ಟ್ ಆಯ್ತು, ಫೋಲ್ಡರ್ ಕಾಣ್ತು, ಫೈಲ್ ಮೇಲೆ ಅಲ್ಲೇ ಡಬಲ್ ಕ್ಲಿಕ್ ಮಾಡಿ ತೆಗೆದು, ಅರ್ಧ ಗಂಟೆ ಕೂತು ತಿದ್ದಿ ಸೇವ್ ಒತ್ತಿ ಫೋನ್ ಕಿತ್ಕಂಡು ಹೋಗ್ತಾರೆ. ಮನೇಲಿ ಫೋನಲ್ಲಿ ನೋಡಿದ್ರೆ ಹಳೇದೇ ಐತೆ. ಫೋನು ಕಂಪ್ಯೂಟರಿಗೆ ಪೆನ್‌ಡ್ರೈವ್ ಥರ ಸೇರಲ್ಲ, ಎಂಟಿಪಿ ಅನ್ನೋ ಕ್ರಮದಲ್ಲಿ ಸೇರುತ್ತೆ, ಅದರಲ್ಲಿ ಫೈಲನ್ನ ಇದ್ದಲ್ಲೇ ತಿದ್ದೋಕೆ ಬರಲ್ಲ. ನೀವು ತೆಗೆದಿದ್ದು ಕಂಪ್ಯೂಟರ್ ತನಗೋಸ್ಕರ ಮಾಡ್ಕಂಡ ತಾತ್ಕಾಲಿಕ ಪ್ರತಿ. ಆದ್ರಿಂದ ಮೊದಲು ಡೆಸ್ಕ್‌ಟಾಪಿಗೆ ಕಾಪಿ, ಅಲ್ಲಿ ಕೆಲಸ, ಆಮೇಲೆ ವಾಪಸ್ ಫೋನಿಗೆ ಕಾಪಿ. ಈ ಕ್ರಮ ತಪ್ಪಿಸ್ಬೇಡಿ.

ಈಗ ತಾನೇ ಫೋನಲ್ಲಿ ಸೇವ್ ಮಾಡಿದ ಫೈಲ್ ಕಂಪ್ಯೂಟರ್ ಪಟ್ಟಿಲಿ ಕಾಣ್ತಿಲ್ಲ ಅಂದ್ರೆ ಗಾಬರಿ ಬೇಡ, ಕೇಬಲ್ ತೆಗೆದು ಹಾಕಿ, ಆಗ್ಲಿಲ್ಲ ಅಂದ್ರೆ ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಬರುತ್ತೆ. ಐಫೋನ್ ಇರೋರಿಗೆ ವಿಂಡೋಸಲ್ಲಿ ಕೇಬಲ್ ಹಾಕಿದ್ರೆ ಫೋಟೋ ವಿಡಿಯೋ ಮಾತ್ರ ಕಾಣೋದು, ಶೀಟ್ ಹುಡುಕ್ಬೇಡಿ, ಮೇಲ್‌ನಲ್ಲೋ ಡ್ರೈವ್‌ನಲ್ಲೋ ಕಳಿಸ್ಕಳಿ. ಅದ್ರಲ್ಲೂ ನಂಬರ್ಸ್ ಆ್ಯಪಲ್ಲಿ ಮಾಡಿದ್ರೆ ಹಂಗೇ ಕಳಿಸ್ದೆ 'ಎಕ್ಸ್‌ಪೋರ್ಟ್' ಒತ್ತಿ ಎಕ್ಸೆಲ್ ಆರಿಸಿ ಕಳಿಸ್ಬೇಕು. ಪೆನ್‌ಡ್ರೈವ್ ಬಳಸೋರು 'ಇಜೆಕ್ಟ್' ಮಾಡದೆ ಕಿತ್ರೆ ಫೈಲ್ ಅರ್ಧಂಬರ್ಧ ಬರೆದು ಕೂತಿರುತ್ತೆ. ಕಾಪಿ ಆಗ್ತಿರೋವಾಗ ಕರೆಂಟ್ ಹೋದ್ರೂ ಅದೇ ಕಥೆ.

ಹಂತ 3: ವಾಟ್ಸಾಪಲ್ಲಿ ಕಳಿಸೋವಾಗ

ಇಲ್ಲಿ ಒಂದು ತಪ್ಪನ್ನ ಹತ್ತರಲ್ಲಿ ಎಂಟು ಜನ ಮಾಡ್ತಾರೆ ಅಂತ ನನ್ನ ಲೆಕ್ಕ. ನಾನು ಶೀಟ್ ಕಳಿಸ್ತೀನಿ, ಅವರು ಚಾಟಲ್ಲೇ ಅದನ್ನ ಒತ್ತಿ ತೆಗೆದು ನಂಬರ್ ತುಂಬ್ತಾರೆ, ಆಮೇಲೆ ಚಾಟಿಗೆ ವಾಪಸ್ ಬಂದು ನಾನು ಕಳಿಸಿದ ಅದೇ ಮೆಸೇಜನ್ನ ನನಗೇ ಫಾರ್ವರ್ಡ್ ಮಾಡ್ತಾರೆ! ನನಗೆ ಸಿಗೋದು ನನ್ನದೇ ಖಾಲಿ ಶೀಟು. ಚಾಟಲ್ಲಿರೋದು ಕಳಿಸಿದಾಗ ಹೆಂಗಿತ್ತೋ ಹಂಗೇ ಇರೋ ಪ್ರತಿ, ನೀವು ತಿದ್ದಿದ್ದು ಅದರೊಳಗೆ ಹೋಗಲ್ಲ. ಸರಿಯಾದ ದಾರಿ ಹಿಂಗೈತೆ: ಫೈಲ್ ತೆಗೆದ ತಕ್ಷಣ, ಒಂದಕ್ಷರ ಟೈಪ್ ಮಾಡೋಕೂ ಮುಂಚೆ, 'ಸೇವ್ ಎ ಕಾಪಿ' ಅಥವಾ 'ಸೇವ್ ಆ್ಯಸ್' ಒತ್ತಿ ಫೋನಿನ ಡಾಕ್ಯುಮೆಂಟ್ಸ್ ಫೋಲ್ಡರಲ್ಲಿ ಹೊಸ ಹೆಸರಲ್ಲಿ ಇಟ್ಕಳ್ರಿ. ತುಂಬಿ ಮುಗಿದ್ಮೇಲೆ ವಾಟ್ಸಾಪಲ್ಲಿ ಪಿನ್ ಗುರುತು, 'ಡಾಕ್ಯುಮೆಂಟ್', ಅಲ್ಲಿಂದ ಆ ಹೊಸ ಫೈಲ್ ಆರಿಸಿ ಕಳಿಸ್ರಿ. ಶೀಟಿನ ಸ್ಕ್ರೀನ್‌ಶಾಟ್ ತೆಗೆದು ಕಳಿಸೋರೂ ಇದಾರೆ. ಅದು ಫೋಟೋ, ಅದನ್ನ ನೋಡ್ಕಂಡು ನಾನು ಮೊದಲಿಂದ ಟೈಪ್ ಮಾಡ್ಬೇಕು.

ಹೆಸರಿನ ವಿಷಯ. ಕಂಪ್ಯೂಟರಲ್ಲಿ ಒಂದೇ ಹೆಸರಿನ ಫೈಲ್ ಎರಡನೇ ಸಲ ಇಳಿಸ್ಕಂಡ್ರೆ ಕೊನೇಲಿ (1) ಅಂತ ಸೇರುತ್ತೆ, ಮೂರನೇದಕ್ಕೆ (2). ನಾಲ್ಕು ದಿನ ಆದ್ಮೇಲೆ ಯಾವುದು ಹೊಸದು ಅಂತ ದೇವರಿಗೇ ಗೊತ್ತಿರ್ಬೇಕು. ಹೆಸರಿನ ಮುಂದೆ ತಾರೀಖನ್ನ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹಾಕಿ, 2025-11-10-ಮೆಕ್ಕೆಜೋಳ ಅನ್ನೋ ಥರ. ಆಗ ಫೋಲ್ಡರಲ್ಲಿ ತಾನಾಗೇ ಸಾಲಾಗಿ ನಿಲ್ತಾವೆ. ಹೆಸರಲ್ಲಿ ಓರೆ ಗೀಟು ಹಾಕೋಕೆ ವಿಂಡೋಸ್ ಬಿಡಲ್ಲ, ಅಡ್ಡ ಗೀಟು ಹಾಕ್ರಿ.

ಬಂದ ಫೈಲ್ ಫೋನಲ್ಲಿ ಎಲ್ಲಿ ಕೂತಿದೆ ಅಂತ ಕೇಳೋರಿಗೆ: ಈಗಿನ ಆಂಡ್ರಾಯ್ಡಲ್ಲಿ ಇಂಟರ್ನಲ್ ಸ್ಟೋರೇಜ್ ಒಳಗೆ ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್ ಹೆಸರಿನ ಫೋಲ್ಡರ್, ಹಂಗೇ ಒಳಗೆ ಹೋಗ್ತಾ ಹೋಗ್ತಾ 'ವಾಟ್ಸಾಪ್ ಡಾಕ್ಯುಮೆಂಟ್ಸ್' ಸಿಗುತ್ತೆ. ನೀವು ಕಳಿಸಿದವು ಅದರಲ್ಲೇ 'ಸೆಂಟ್' ಅನ್ನೋ ಫೋಲ್ಡರಲ್ಲಿ. ಈ 'ಸೆಂಟ್' ನೆನಪಿಟ್ಕಳ್ರಿ, ಕೊನೇಲಿ ಕೆಲಸಕ್ಕೆ ಬರುತ್ತೆ.

ಹಂತ 4: ಬಂತು, ಆದ್ರೆ ತೆರೀತಿಲ್ಲ

ಮೊದಲು ತೂಕ ನೋಡ್ರಿ. ಫೈಲ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', ಅಲ್ಲಿ 'ಸೈಜ್' ಎದುರಿಗೆ ಬ್ರಾಕೆಟಲ್ಲಿ ಎಷ್ಟು ಬೈಟ್ ಅಂತ ಪೂರ್ತಿ ಸಂಖ್ಯೆ ಇರುತ್ತೆ. ಫೋನಿನ ಫೈಲ್ ಆ್ಯಪಲ್ಲೂ ಸೈಜ್ ಕಾಣುತ್ತೆ. ಲಾರಿ ಯಾರ್ಡಿಗೆ ಬಂದಾಗ ವೇಬ್ರಿಡ್ಜಲ್ಲಿ ನಿಲ್ಲಿಸ್ತೀವಲ್ಲ, ಹಂಗೆ. ಅಲ್ಲಿ 48 ಕೆಬಿ ಇಲ್ಲಿ 31 ಕೆಬಿ ಅಂದ್ರೆ ದಾರೀಲಿ ಉದುರಿದೆ, ಮತ್ತೆ ತರಿಸ್ಬೇಕು, ರಿಪೇರಿ ಮಾಡೋಕೆ ಕೂರೋದು ವೇಸ್ಟು. ಸೊನ್ನೆ ಇದ್ರೆ ಏನೂ ಬಂದಿಲ್ಲ. 165 ಬೈಟ್ ಇದ್ದು ಹೆಸರಿನ ಮುಂದೆ ~$ ಗುರುತಿದ್ರೆ ಅದು ನಿಮ್ಮ ಶೀಟೇ ಅಲ್ಲ, ಫೈಲ್ ಯಾರೋ ತೆಗೆದಿದಾರೆ ಅಂತ ಗುರುತಿಗೆ ಎಕ್ಸೆಲ್ ಪಕ್ಕದಲ್ಲಿ ಇಡೋ ಚೀಟಿ. ಎಕ್ಸೆಲ್ ಮುಚ್ಚಿ ಅಸಲು ಫೈಲ್ ಕಾಪಿ ಮಾಡ್ರಿ. ಗೂಗಲ್ ಡ್ರೈವ್ ಫೋಲ್ಡರಿಂದ ಪೆನ್‌ಡ್ರೈವಿಗೆ ಎಳ್ಕಂಡ ಫೈಲಿನ ಬಾಲ ಜಿಶೀಟ್ ಅಂತಿದ್ರೆ ಅದೂ ಬರೀ ಲಿಂಕು, ಒಳಗೆ ಲೆಕ್ಕ ಇರಲ್ಲ. ಶೀಟ್ಸ್ ಆ್ಯಪಲ್ಲಿ ಮೂರು ಚುಕ್ಕಿ, 'ಶೇರ್ ಆ್ಯಂಡ್ ಎಕ್ಸ್‌ಪೋರ್ಟ್', 'ಸೇವ್ ಆ್ಯಸ್', ಎಕ್ಸೆಲ್ ಅಂತ ಮಾಡಿ ತಗೋಬೇಕು.

ತೂಕ ಸರಿ ಇದ್ದೂ "ಫೈಲ್ ಫಾರ್ಮ್ಯಾಟ್ ಆರ್ ಎಕ್ಸ್‌ಟೆನ್ಶನ್ ಈಸ್ ನಾಟ್ ವ್ಯಾಲಿಡ್" ಅಂತ ಬಂದ್ರೆ ಬಾಲ ಒಂದು, ಹೊಟ್ಟೆ ಇನ್ನೊಂದು ಅಂತ ಅರ್ಥ. ಪರೀಕ್ಷೆ ಸುಲಭ. ಫೈಲಿನ ಒಂದು ಕಾಪಿ ಮಾಡ್ಕಂಡು ಆ ಕಾಪೀನ ನೋಟ್‌ಪ್ಯಾಡಲ್ಲಿ ತೆಗೀರಿ. 2007 ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ನಿಜವಾಗಿ ಒಂದು ಜಿಪ್ ಗಂಟು, ಜಿಪ್ ಯಾವುದೇ ಇರ್ಲಿ ಮೊದಲ ಎರಡು ಅಕ್ಷರ ಇಂಗ್ಲಿಷಿನ ಪಿ ಮತ್ತು ಕೆ ಇರುತ್ತೆ, ಆ ಕ್ರಮ ಕಂಡುಹಿಡಿದ ಫಿಲ್ ಕಾಟ್ಜ್ ಅನ್ನೋನ ಹೆಸರಿನ ಮೊದಲಕ್ಷರ ಅವು. ಪಿಕೆ ಕಂಡು ಮುಂದೆ ಹಾಳುಮೂಳು ಕಂಡ್ರೆ ಅದು ಎಕ್ಸ್‌ಎಲ್‌ಎಸ್‌ಎಕ್ಸೇ. ಅದರ ಬದಲು ಮೊದಲ ಸಾಲಲ್ಲೇ < ಗುರುತು ಹಾಕಿ ಎಚ್‌ಟಿಎಂಎಲ್ ಅಂತ ಕಂಡ್ರೆ ಅದು ವೆಬ್ ಪೇಜು, ಎಕ್ಸೆಲ್ ಅಂಗಿ ಹಾಕ್ಕಂಡು ಬಂದಿದೆ. ಕೆಲವು ವೆಬ್‌ಸೈಟುಗಳಿಂದ ಇಳಿಸ್ಕಂಡ ಸ್ಟೇಟ್‌ಮೆಂಟ್ ಹಿಂಗೇ ಇರ್ತಾವೆ. ಕಂಪ್ಯೂಟರಿನ ಎಕ್ಸೆಲ್ ಒಂದು ಎಚ್ಚರಿಕೆ ಕೊಟ್ಟು ತೆಗೆಯುತ್ತೆ, ಫೋನಿನ ಆ್ಯಪ್‌ಗಳು ಹೆಚ್ಚಾಗಿ ಕೈ ಎತ್ತಿಬಿಡ್ತಾವೆ. ಕಂಪ್ಯೂಟರಲ್ಲಿ ತೆಗೆದು 'ಸೇವ್ ಆ್ಯಸ್' ಮಾಡಿ ಎಕ್ಸ್‌ಎಲ್‌ಎಸ್‌ಎಕ್ಸ್ ಆರಿಸಿ, ಆಮೇಲೆ ಫೋನಿಗೆ ಕಳಿಸ್ರಿ. ಬಾಲ ಮಾತ್ರ ಕೈಯಿಂದ ರೀನೇಮ್ ಮಾಡಿದ್ರೆ ಒಳಗಿಂದು ಬದಲಾಗಲ್ಲ.

ತೂಕ ಸರಿ, ಪಿಕೆ ಸರಿ, ಆದ್ರೂ ಆಗ್ತಿಲ್ಲ ಅಂದ್ರೆ ಎಕ್ಸೆಲ್ ತೆಗೆದು 'ಫೈಲ್', 'ಓಪನ್', 'ಬ್ರೌಸ್', ಫೈಲನ್ನ ಒಂದ್ಸಲ ಮಾತ್ರ ಕ್ಲಿಕ್ ಮಾಡಿ, ಕೆಳಗೆ 'ಓಪನ್' ಬಟನ್ ಪಕ್ಕದ ಸಣ್ಣ ಬಾಣ ಒತ್ತಿದ್ರೆ 'ಓಪನ್ ಆ್ಯಂಡ್ ರಿಪೇರ್' ಅಂತ ಐತೆ. ಮೊದಲು ರಿಪೇರ್, ಆಗ್ಲಿಲ್ಲ ಅಂದ್ರೆ 'ಎಕ್ಸ್‌ಟ್ರಾಕ್ಟ್ ಡೇಟಾ'. ಇನ್ನು ತೆರೆದ್ಮೇಲೆ ಮೇಲೆ ಹಳದಿ ಪಟ್ಟಿ ಬಂದು ಟೈಪ್ ಮಾಡೋಕೆ ಬಿಡ್ತಿಲ್ಲ ಅನ್ನೋದು ಕೆಟ್ಟಿರೋದಲ್ಲ, ಹೊರಗಿಂದ ಬಂದ ಫೈಲಿಗೆ ಎಕ್ಸೆಲ್ ಮಾಡೋ ಕಾವಲು. ಕಳಿಸಿದೋರು ಗೊತ್ತಿರೋರಾದ್ರೆ 'ಎನೇಬಲ್ ಎಡಿಟಿಂಗ್' ಒತ್ತಿ.

ಹಂತ 5: ತೆರೀತು, ಆದ್ರೆ ನಂಬರ್ ಸುಳ್ಳು

ಈಗ ಅಸಲು ವಿಷಯ. ಎಕ್ಸೆಲ್ಲಿಗೆ ಒಂದು ಚಟ ಐತೆ, ಅಂಕಿ ಕಂಡ್ರೆ ಸಾಕು ಇದು ಕೂಡೋ ಲೆಕ್ಕ ಅನ್ಕಂಡ್ಬಿಡುತ್ತೆ. ಖಾತೆ ನಂಬರು, ಫೋನ್ ನಂಬರು, ಎಚ್‌ಎಸ್‌ಎನ್ ಕೋಡು (ಜಿಎಸ್‌ಟಿಲಿ ಮಾಲಿನ ಗುರುತಿನ ಸಂಖ್ಯೆ), ಇವೆಲ್ಲ ಅಂಕಿಲಿ ಬರೆದ ಹೆಸರುಗಳು, ಯಾರೂ ಇವನ್ನ ಕೂಡಲ್ಲ ಕಳೆಯಲ್ಲ. ಎಕ್ಸೆಲ್ಲಿಗೆ ಅದು ಗೊತ್ತಾಗಲ್ಲ.

ಅಡಿಕೆ ಎಚ್‌ಎಸ್‌ಎನ್ 0802. ಟೈಪ್ ಮಾಡಿ ಎಂಟರ್ ಹೊಡೆದ್ರೆ 802. ಮುಂದಿನ ಸೊನ್ನೆಗೆ ಬೆಲೆ ಇಲ್ಲ ಅಂತ ಎಸೆದ್ಬಿಡುತ್ತೆ. ದಾವಣಗೆರೆ ಎಸ್‌ಟಿಡಿ ಕೋಡ್ 08192 ಹಾಕಿ ನೋಡ್ರಿ, 8192 ಆಗಿರುತ್ತೆ. ಮೆಕ್ಕೆಜೋಳದ 1005 ಕ್ಕೆ ಏನೂ ಆಗಲ್ಲ, ಅದಕ್ಕೇ ಮೆಕ್ಕೆಜೋಳದೋರಿಗೆ ಈ ಕಾಯಿಲೆ ಇದೆ ಅಂತಾನೇ ಗೊತ್ತಿಲ್ಲ, ಅಡಿಕೆಯೋರು ಮಾತ್ರ ನನ್ನ ಹತ್ರ ಜಗಳಕ್ಕೆ ಬರ್ತಾರೆ. ಸೊನ್ನೆ ಹೋದ್ರೆ ವಾಪಸ್ ತರಬಹುದು, ಕೋಡು ಎಷ್ಟು ಅಂಕಿದು ಅಂತ ಗೊತ್ತಿದ್ರೆ ಪಕ್ಕದ ಕಾಲಮಲ್ಲಿ =ಟೆಕ್ಸ್ಟ್(ಎ2,"0000") ಅನ್ನೋ ಫಾರ್ಮುಲಾ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಕೆಳಗೆ ಎಳೀರಿ.

ಉದ್ದ ನಂಬರಿನದ್ದು ಹಂಗಲ್ಲ. ಹನ್ನೊಂದು ಅಂಕಿ ದಾಟಿದ್ರೆ ಎಕ್ಸೆಲ್ ಅದನ್ನ 1.23 ಇ+11 ಅನ್ನೋ ಥರ ತೋರಿಸುತ್ತೆ, ಆಧಾರ್ ನಂಬರ್ ಹಾಕಿದ್ರೆ ಕಾಣೋದು ಇದೇ. ಇದು ಬರೀ ತೋರಿಕೆ, ಸೆಲ್ ಫಾರ್ಮ್ಯಾಟನ್ನ 'ನಂಬರ್' ಮಾಡಿ ದಶಾಂಶ ಸೊನ್ನೆ ಇಟ್ರೆ ಸರಿ ಹೋಗುತ್ತೆ. ಆದ್ರೆ ಎಕ್ಸೆಲ್ ಒಂದು ಸಂಖ್ಯೆಲಿ ನೆನಪಿಟ್ಕಳೋದು 15 ಅಂಕಿ ಮಾತ್ರ. 16 ಅಂಕಿಯ ಖಾತೆ ನಂಬರ್ 1234567890123456 ಅಂತ ಹಾಕಿದ್ರೆ ಒಳಗೆ ಉಳಿಯೋದು 1234567890123450. ಕೊನೇ 6 ಹೋಗಿ ಸೊನ್ನೆ ಬಂತು. ಇದಕ್ಕೆ ಔಷಧಿ ಇಲ್ಲ, ಆ 6 ಫೈಲಲ್ಲಿ ಎಲ್ಲೂ ಇಲ್ಲ, ಪಾಸ್‌ಬುಕ್ ತೆಗೆದು ನೋಡಿ ಮತ್ತೆ ಹೊಡೀಬೇಕು. ನಾನೇ ಒಂದ್ಸಲ ಇದರಲ್ಲಿ ಸಿಕ್ಕಾಕ್ಕಂಡಿದೀನಿ, ಹಮಾಲರ ಖಾತೆ ಪಟ್ಟಿಲಿ ಹದಿನೆಂಟು ನಂಬರ್ ಸೊನ್ನೇಲಿ ಕೊನೆಯಾಗ್ತಿದ್ರೂ ಎರಡು ದಿನ ಕಣ್ಣಿಗೆ ಬಿದ್ದಿರ್ಲಿಲ್ಲ. ಉದ್ದ ನಂಬರೆಲ್ಲ ಸೊನ್ನೆಲೇ ಮುಗೀತಾ ಇದ್ರೆ ಅಲ್ಲೇ ನಿಲ್ರಿ.

ತಡೆಯೋದು ಹೆಂಗೆ? ತುಂಬೋಕೆ ಮುಂಚೆ ಆ ಕಾಲಮ್ಮನ್ನ ಪೂರ್ತಿ ಆರಿಸಿ ಫಾರ್ಮ್ಯಾಟನ್ನ 'ಟೆಕ್ಸ್ಟ್' ಮಾಡ್ರಿ, ಗೂಗಲ್ ಶೀಟ್ಸಲ್ಲಿ ಇದಕ್ಕೆ 'ಪ್ಲೇನ್ ಟೆಕ್ಸ್ಟ್' ಅಂತಾರೆ. ಮುಂಚೆ ಅಂದೆ, ತುಂಬಿದ್ಮೇಲೆ ಮಾಡಿದ್ರೆ ಹೋಗಿದ್ದು ಬರಲ್ಲ. ಒಂದೆರಡು ಸೆಲ್ ಅಷ್ಟೇ ಆದ್ರೆ ನಂಬರ್ ಮುಂದೆ ಒಂದು ಒಂಟಿ ಕೊಟೇಶನ್ ಗುರುತು (') ಹಾಕಿ ಹೊಡೀರಿ. ಬಿಲ್ ನಂಬರ್ 3-4 ಅಂತ ಹೊಡೆದ್ರೆ ಅದು ತಾರೀಖಾಗಿ ಹೋಗೋದಕ್ಕೂ ಇದೇ ಮದ್ದು.

ಇನ್ನು ಸಿಎಸ್‌ವಿ. ಸಿಎಸ್‌ವಿ ಅಂದ್ರೆ ಕಾಮಾ ಹಾಕಿ ಸಾಲಾಗಿ ಬರೆದ ಬರೀ ಅಕ್ಷರದ ಫೈಲ್. ಅದರಲ್ಲಿ ಬಣ್ಣ ಇಲ್ಲ, ಫಾರ್ಮುಲಾ ಇಲ್ಲ, ಎರಡನೇ ಶೀಟ್ ಇಲ್ಲ, ಯಾವ ಕಾಲಮ್ ಟೆಕ್ಸ್ಟ್ ಅನ್ನೋ ನೆನಪೂ ಇಲ್ಲ. ಬಿಲ್ಲಿಂಗ್ ಆ್ಯಪ್‌ಗಳು ಇದರಲ್ಲೇ ಕೊಡ್ತಾವೆ. ಫೈಲೊಳಗೆ 0802 ಸರಿಯಾಗೇ ಇರುತ್ತೆ, ನೀವು ಡಬಲ್ ಕ್ಲಿಕ್ ಮಾಡಿದ ಗಳಿಗೇಲಿ ಎಕ್ಸೆಲ್ ಅದನ್ನ 802 ಮಾಡುತ್ತೆ, ನೀವು ಸೇವ್ ಒತ್ತಿದ್ರೆ ಅಸಲೂ ಹೋಯ್ತು. ಆದ್ರಿಂದ ಸಿಎಸ್‌ವೀನ ಡಬಲ್ ಕ್ಲಿಕ್ ಮಾಡ್ಬೇಡಿ. ಖಾಲಿ ಎಕ್ಸೆಲ್ ತೆಗೆದು 'ಡೇಟಾ', 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ', ಫೈಲ್ ಆರಿಸಿ, 'ಟ್ರಾನ್ಸ್‌ಫಾರ್ಮ್ ಡೇಟಾ' ಒತ್ತಿ ಆ ಕಾಲಮಿನ ತಲೆ ಮೇಲಿರೋ ಗುರುತಲ್ಲಿ 'ಟೆಕ್ಸ್ಟ್' ಆರಿಸಿ. 'ರಿಪ್ಲೇಸ್ ಕರೆಂಟ್' ಕೇಳಿದ್ರೆ ಹೂಂ ಅನ್ರಿ. ಅಕಸ್ಮಾತ್ ಡಬಲ್ ಕ್ಲಿಕ್ ಮಾಡಿದ್ರೆ ಸೇವ್ ಮಾಡ್ದೆ ಮುಚ್ಚಿಬಿಡ್ರಿ, ಏನೂ ಹಾಳಾಗಲ್ಲ.

ಟೋಟಲ್ ಸೊನ್ನೆ ಬರ್ತಿದೆ ಅನ್ನೋದು ಇದರ ಉಲ್ಟಾ ಕಾಯಿಲೆ, ನಂಬರ್ ಇರಬೇಕಾದ ಕಡೆ ಟೆಕ್ಸ್ಟ್ ಕೂತಿದೆ. ಸೆಲ್ ಮೂಲೇಲಿ ಸಣ್ಣ ಹಸಿರು ತ್ರಿಕೋನ ಕಂಡ್ರೆ ಎಲ್ಲ ಆರಿಸಿ ಹಳದಿ ಗುರುತು ಒತ್ತಿ 'ಕನ್ವರ್ಟ್ ಟು ನಂಬರ್'. 42.60 ಆದ್ಮೇಲೆ 'ಕ್ವಿಂಟಲ್' ಅಂತ ಅದೇ ಸೆಲ್ಲಲ್ಲಿ ಬರೆಯೋ ಅಭ್ಯಾಸ ಇರೋರು ದಯವಿಟ್ಟು ಬಿಡ್ರಿ, ತಲೆಬರಹದಲ್ಲಿ ಒಂದ್ಸಲ ಬರೆದ್ರೆ ಸಾಕು. ಬರೀ ####### ಕಂಡ್ರೆ ಏನೂ ಆಗಿಲ್ಲ, ಕಾಲಮ್ ಅಗಲ ಸಾಲ್ತಿಲ್ಲ, ಎಳೆದು ಅಗಲ ಮಾಡಿ.

ಹಂತ 6: ತಾರೀಖು

ಮೆಕ್ಕೆಜೋಳ ಯಾರ್ಡಿಗೆ ಜೋರಾಗಿ ಬರೋದು ಅಕ್ಟೋಬರ್ ನವೆಂಬರಲ್ಲಿ. ಒಬ್ಬರು ನವೆಂಬರ್ ಹತ್ತರ ಮಾಲಿಗೆ 10/11/2024 ಅಂತ ಹಾಕಿದ್ರು. ಅವರ ಫೋನಿನ ಶೀಟು ಅಮೆರಿಕದ ಕ್ರಮದಲ್ಲಿತ್ತು, ಅಲ್ಲಿ ತಿಂಗಳು ಮೊದಲು ದಿನ ಆಮೇಲೆ, ಹಂಗಾಗಿ ಅದು ಅಕ್ಟೋಬರ್ ಹನ್ನೊಂದು ಆಯ್ತು. ಎರಡೂ ಸೀಜನ್ ಒಳಗಿನ ತಾರೀಖೇ, ನೋಡಿದ್ರೆ ಅನುಮಾನಾನೇ ಬರಲ್ಲ, ಬಿಲ್ಲು ಸುಮ್ನೆ ಹಿಂದಿನ ತಿಂಗಳಿಗೆ ಹೋಗಿ ಕೂತಿತ್ತು. ಕೈಗೆ ಸಿಕ್ಕಿದ್ದು 25/11/2024 ರಿಂದ. ಇಪ್ಪತ್ತೈದನೇ ತಿಂಗಳು ಇಲ್ವಲ್ಲ, ಅದನ್ನ ತಾರೀಖು ಮಾಡೋಕೆ ಆಗ್ದೆ ಟೆಕ್ಸ್ಟಾಗಿ ಬಿಟ್ಟಿತ್ತು.

ಪರೀಕ್ಷೆ ಹಿಂಗೆ. ತಾರೀಖಿನ ಕಾಲಮಲ್ಲಿ ನೀವು ಕೈಯಾರೆ ಎಡ ಬಲ ಮಾಡಿಲ್ಲ ಅಂದ್ರೆ, ನಿಜವಾದ ತಾರೀಖು ಸೆಲ್ಲಿನ ಬಲಕ್ಕೆ ಅಂಟುತ್ತೆ, ಟೆಕ್ಸ್ಟ್ ಎಡಕ್ಕೆ. 1 ರಿಂದ 12 ರವರೆಗಿನವು ಬಲಕ್ಕೆ, 13 ರಿಂದ ಮುಂದಿನವು ಎಡಕ್ಕೆ ಇದ್ರೆ ದಿನ ತಿಂಗಳು ಅದಲುಬದಲಾಗಿದೆ ಅಂತಾನೇ ಅರ್ಥ. ಎಡಕ್ಕಿರೋವನ್ನ 'ಡೇಟಾ', 'ಟೆಕ್ಸ್ಟ್ ಟು ಕಾಲಮ್ಸ್', ಮೂರನೇ ಹೆಜ್ಜೇಲಿ 'ಡೇಟ್' ಆರಿಸಿ ಡಿಎಂವೈ (ದಿನ, ತಿಂಗಳು, ವರ್ಷ) ಕೊಟ್ಟು ಸರಿ ಮಾಡಬಹುದು. ಆದ್ರೆ ಬಲಕ್ಕಿರೋವು ಆಗಲೇ ತಪ್ಪು ತಾರೀಖಾಗಿ ಬಿಟ್ಟಿದಾವೆ, ಇದರಿಂದ ಅವು ಸರಿ ಹೋಗಲ್ಲ, ಬಿಲ್ ಬುಕ್ ಇಟ್ಕಂಡೇ ತಿದ್ದಬೇಕು. ಮುಂದೆ ಆಗದಿರ್ಲಿ ಅಂದ್ರೆ ಗೂಗಲ್ ಶೀಟ್ಸನ್ನ ಕಂಪ್ಯೂಟರಲ್ಲಿ ತೆಗೆದು 'ಫೈಲ್', 'ಸೆಟ್ಟಿಂಗ್ಸ್', 'ಲೊಕೇಲ್' ಅನ್ನೋದನ್ನ ಇಂಡಿಯಾ ಮಾಡ್ರಿ, ವಿಂಡೋಸಲ್ಲಿ 'ರೀಜನ್' ಇಂಗ್ಲಿಷ್ (ಇಂಡಿಯಾ) ಇರ್ಲಿ. ಅದಕ್ಕಿಂತ ಗ್ಯಾರಂಟಿ ಅಂದ್ರೆ ತಿಂಗಳನ್ನ ಅಕ್ಷರದಲ್ಲಿ ಹಾಕೋದು, 10-ನವೆಂಬರ್ ಅಂತ ಇಂಗ್ಲಿಷಲ್ಲಿ. ಅದನ್ನ ಯಾವ ಆ್ಯಪ್ಪೂ ತಪ್ಪು ಓದಲ್ಲ.

ಹಂತ 7: ಕನ್ನಡ ಅಕ್ಷರ ಚೆಲ್ಲಾಪಿಲ್ಲಿ ಆದ್ರೆ

ಎರಡು ಬೇರೆ ಬೇರೆ ಕಾರಣ, ಎರಡಕ್ಕೂ ಬೇರೆ ಬೇರೆ ಮದ್ದು. ಕಂಪ್ಯೂಟರಲ್ಲಿ ಚೆನ್ನಾಗಿ ಕಾಣೋ ಕನ್ನಡ ಫೋನಲ್ಲಿ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ ಗೀಟು ಇರೋ ಅಕ್ಷರಗಳ ರಾಶಿಯಾಗಿ ಕಂಡ್ರೆ ಅದನ್ನ 'ನುಡಿ' ಅಥವಾ 'ಬರಹ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದಾರೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಚಿತ್ರ ಕೂರಿಸಿರೋವು, ಫೋನಲ್ಲಿ ಫಾಂಟ್ ಇಲ್ಲ, ಅದಕ್ಕೇ ಬಣ್ಣ ಬಯಲು. ಫೈಲ್ ಕೆಟ್ಟಿಲ್ಲ. ನುಡಿ ಜೊತೆಗೇ ಬರೋ ಪರಿವರ್ತಕದಲ್ಲಿ ಯೂನಿಕೋಡಿಗೆ (ಫೋನು ಕಂಪ್ಯೂಟರು ಎರಡರಲ್ಲೂ ಒಂದೇ ಥರ ಕಾಣೋ ಅಕ್ಷರ ಕ್ರಮ) ಬದಲಾಯಿಸಿ. ಒಂದು ಎಚ್ಚರ, ಕನ್ನಡ ಇರೋ ಕಾಲಮ್ ಮಾತ್ರ ಕೊಡ್ರಿ, ಇಡೀ ಶೀಟ್ ಕೊಟ್ರೆ ಜಿಎಸ್‌ಟಿ ನಂಬರಿನ ಇಂಗ್ಲಿಷ್ ಅಕ್ಷರಾನೂ ಕನ್ನಡ ಮಾಡಿ ಕೂರಿಸುತ್ತೆ.

ಇನ್ನೊಂದು, ಫೋನಿಂದ ಬಂದ ಸಿಎಸ್‌ವಿಲಿ ಕನ್ನಡ ಕೆಟ್ಟಿರೋದು. ಇಲ್ಲಿ ಕನ್ನಡ ಸರಿಯಾದ ಯೂನಿಕೋಡೇ, ಎಕ್ಸೆಲ್ ಅದನ್ನ ಹಳೇ ಲೆಕ್ಕದಲ್ಲಿ ಓದ್ತಾ ಐತೆ. ಮೇಲೆ ಹೇಳಿದ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ದಾರೀಲೇ ಹೋಗಿ 'ಫೈಲ್ ಒರಿಜಿನ್' ಅನ್ನೋ ಕಡೆ 65001 ಯೂನಿಕೋಡ್ ಯುಟಿಎಫ್-8 ಆರಿಸಿದ್ರೆ ಅಕ್ಷರ ಎದ್ದು ನಿಲ್ತಾವೆ. ನೀವು ಸಿಎಸ್‌ವಿ ಮಾಡಿ ಕಳಿಸೋದಾದ್ರೆ 'ಸಿಎಸ್‌ವಿ ಯುಟಿಎಫ್-8' ಅಂತಾನೇ ಆರಿಸಿ, ಬರೀ 'ಸಿಎಸ್‌ವಿ' ಆರಿಸಿದ್ರೆ ಕನ್ನಡ ಪೂರ್ತಿ ಪ್ರಶ್ನಾರ್ಥಕ ಚಿಹ್ನೆ ಆಗಿ ಹೋಗುತ್ತೆ, ಅದು ವಾಪಸ್ ಬರಲ್ಲ.

ಹಂತ 8: ಫಾರ್ಮುಲಾ

ಬೇಗ ಹೇಳಿ ಮುಗಿಸ್ತೀನಿ. #ನೇಮ್? ಅಂತ ಬಂದ್ರೆ ಕಳಿಸಿದೋರ ಆ್ಯಪ್ ಹೊಸದು, ನಿಮ್ಮ ಎಕ್ಸೆಲ್ ಹಳೇದು. ಎಕ್ಸ್‌ಲುಕಪ್ (ಪಟ್ಟೀಲಿ ಹುಡುಕಿ ಕೊಡೋ ಫಾರ್ಮುಲಾ) 2016 ಮತ್ತು 2019 ರ ಎಕ್ಸೆಲಲ್ಲಿ ಇಲ್ಲ, ವಿಲುಕಪ್ ಬಳಸಿ. ಫಾರ್ಮುಲಾ ಇನ್ನೊಂದು ಫೈಲನ್ನ ನೋಡ್ತಾ ಇದ್ರೆ ಆ ಫೈಲ್ ಫೋನಲ್ಲಿ ಇರಲ್ಲ, ಕಳಿಸೋ ಮುಂಚೆ ಕಾಪಿ ಮಾಡಿ 'ಪೇಸ್ಟ್ ವ್ಯಾಲ್ಯೂಸ್' ಮಾಡಿದ ಒಂದು ಪ್ರತಿ ಕಳಿಸ್ರಿ. ನಂಬರ್ ಬದಲಾಯಿಸಿದ್ರೂ ಟೋಟಲ್ ಅಲ್ಲಾಡ್ತಿಲ್ಲ ಅಂದ್ರೆ 'ಫಾರ್ಮುಲಾಸ್', 'ಕ್ಯಾಲ್ಕುಲೇಶನ್ ಆಪ್ಶನ್ಸ್' ನೋಡ್ರಿ, 'ಮ್ಯಾನ್ಯುಯಲ್' ಆಗಿರುತ್ತೆ, 'ಆಟೊಮ್ಯಾಟಿಕ್' ಮಾಡಿ. ಮ್ಯಾಕ್ರೋ (ಬಟನ್ ಒತ್ತಿದ್ರೆ ತಾನೇ ಕೆಲಸ ಮಾಡೋ ಪುಟ್ಟ ಪ್ರೋಗ್ರಾಂ) ಇರೋ ಶೀಟ್ ಫೋನಲ್ಲಿ ತೆರೆಯುತ್ತೆ, ಬಟನ್ ಕೆಲಸ ಮಾಡಲ್ಲ.

ಹಂತ 9: ಕಳಿಸೋವಾಗ ತಾಳೆ, ಕೆಟ್ರೆ ಹಳೇ ಪ್ರತಿ

ತೂಕದ ಕಾಲಮ್ ಪೂರ್ತಿ ಆರಿಸಿದ್ರೆ ಕೆಳಗೆ ಪಟ್ಟಿಲಿ ಎಕ್ಸೆಲ್ ತಾನೇ 'ಕೌಂಟ್' ಮತ್ತು 'ಸಮ್' ತೋರಿಸುತ್ತೆ. ಅವೆರಡನ್ನೂ ಫೈಲ್ ಜೊತೆ ಮೆಸೇಜಲ್ಲಿ ಬರೀರಿ, "214 ಸಾಲು, ಒಟ್ಟು 3862.40 ಕ್ವಿಂಟಲ್" ಅಂತ. ಈ ಕಡೆ ಇರೋರು ಫೈಲ್ ತೆಗೆದ ಕೂಡ್ಲೇ ತಾಳೆ ನೋಡ್ತಾರೆ. ಸಾಲು ಸರಿ ಇದ್ದು ಮೊತ್ತ ಕಮ್ಮಿ ಬಂದ್ರೆ ಕೆಲವು ನಂಬರ್ ಟೆಕ್ಸ್ಟ್ ಆಗಿದಾವೆ, ಸಾಲೇ ಕಮ್ಮಿ ಬಂದ್ರೆ ಹಳೇ ಫೈಲ್ ಬಂದಿದೆ. ಖಾತೆ ನಂಬರಿಗೆ ಮಾತ್ರ ಮೊತ್ತ ತಾಳೆ ಆಗಲ್ಲ, ಮೇಲಿಂದ ಒಂದು, ನಡುವಿಂದ ಒಂದು, ಕೆಳಗಿಂದ ಒಂದು ಕೈಯಾರೆ ಓದಿ ನೋಡ್ಬೇಕು.

ಕೆಟ್ಟ ಮೇಲೆ ಗೊತ್ತಾದ್ರೆ ಹುಡುಕೋ ಜಾಗ ಮೂರು. ಆಗ ಹೇಳಿದ ವಾಟ್ಸಾಪಿನ 'ಸೆಂಟ್' ಫೋಲ್ಡರ್, ಅಲ್ಲಿ ಕಳಿಸಿದ ದಿನದ ಪ್ರತಿ ಹಂಗೇ ಇರುತ್ತೆ. ಗೂಗಲ್ ಶೀಟ್ಸ್ ಆದ್ರೆ 'ಫೈಲ್', 'ವರ್ಶನ್ ಹಿಸ್ಟರಿ'. ಡ್ರೈವಿಗೆ ಹಾಕಿದ ಎಕ್ಸೆಲ್ ಫೈಲಾದ್ರೆ ಅದರ ಹಳೇ ಆವೃತ್ತಿಗಳನ್ನ 30 ದಿನ ಅಥವಾ 100 ಆವೃತ್ತಿವರೆಗೆ ಇಟ್ಟಿರುತ್ತೆ, ಅದಾದ್ಮೇಲೆ ಹೋಗುತ್ತೆ, ತಡ ಮಾಡ್ಬೇಡಿ. ಕಂಪ್ಯೂಟರಲ್ಲಿ ಸೇವ್ ಮಾಡ್ದೆ ಕರೆಂಟ್ ಹೋಗಿದ್ರೆ 'ಫೈಲ್', 'ಇನ್ಫೋ', 'ಮ್ಯಾನೇಜ್ ವರ್ಕ್‌ಬುಕ್' ಒಳಗೆ 'ರಿಕವರ್ ಅನ್‌ಸೇವ್ಡ್' ನೋಡ್ರಿ.

ಇಷ್ಟಾದ್ರೂ ಆಗ್ಲಿಲ್ಲ ಅಂತ ಯಾರನ್ನಾದ್ರೂ ಕೇಳೋವಾಗ ಫೈಲಿನ ಪೂರ್ತಿ ಹೆಸರು ಬಾಲದ ಸಮೇತ, ಎರಡೂ ಕಡೆ ಎಷ್ಟು ಬೈಟ್, ಯಾವ ಆ್ಯಪಲ್ಲಿ ಮಾಡಿದ್ದು, ಬಂದ ಎರರ್ ಮೆಸೇಜಿನ ಫೋಟೋ, ಇವಿಷ್ಟು ಒಂದೇ ಸಲ ಹಾಕ್ರಿ. "ಬರ್ತಿಲ್ಲ ಸಾರ್" ಅಂತ ಮಾತ್ರ ಬಂದ ಮೆಸೇಜಿಗೆ ಹತ್ತನೇ ತಾರೀಖು ರಾತ್ರಿ ನಾನು ಕೇಳೋದೂ ಇವೇ ನಾಲ್ಕು.